ಬಲಾಕವೋ, ಪತಾಕೆಯೋ?

ಜ್ಞಾನವು ಆತ್ಮನ ಸ್ವಭಾವ, ಹೊರಗಿನಿಂದ ಬಂದು ಸೇರುವ ವಸ್ತುವಲ್ಲ ಎಂಬುದು ಜೈನದರ್ಶನದ ಮೂಲ ನಿಲುವು. ಆದರೆ ಕರ್ಮಾವರಣದೊಳಗಿರುವ ಸಂಸಾರಿ ಜೀವಕ್ಕೆ ಆ ಸ್ವಭಾವವು ಒಮ್ಮೆಲೇ ಪೂರ್ಣವಾಗಿ ಬೆಳಗುವುದಿಲ್ಲ. ಇಂದ್ರಿಯಗಳ ಮತ್ತು ಮನಸ್ಸಿನ ನೆರವಿನಿಂದ ಅದು ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳಬೇಕು. ಹೀಗೆ ತೆರೆದುಕೊಳ್ಳುವ ಅರಿವಿಗೆ ಶಾಸ್ತ್ರದಲ್ಲಿ ಮತಿಜ್ಞಾನವೆಂದು ಹೆಸರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅದರ ನಾಲ್ಕು ಹಂತಗಳನ್ನು ಹೇಳುತ್ತದೆ: ಅವಗ್ರಹ, ಈಹೆ, ಅವಾಯ ಮತ್ತು ಧಾರಣೆ.

ಕೇಳಲು ಕಠಿಣವೆನಿಸುವ ಈ ನಾಲ್ಕು ಪದಗಳನ್ನು ತಿಳಿಯಾಗಿಸಲು ಸೂತ್ರದ ಪ್ರಾಚೀನ ಟೀಕೆಯಾದ ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದಾಚಾರ್ಯರು ಒಂದು ಹಕ್ಕಿಯನ್ನು ಉದಾಹರಣೆಯಾಗಿ ತರುತ್ತಾರೆ. ಅದು ಬಲಾಕ, ಕನ್ನಡದ ಮಾತಿನಲ್ಲಿ ಬೆಳ್ಳಕ್ಕಿ. ದೂರದಲ್ಲಿ ಬೆಳ್ಳಗಿನ ರೂಪವೊಂದು ಕಾಣುತ್ತದೆ. ಅದು ಬಲಾಕವಿರಬಹುದೇ, ಗಾಳಿಗೆ ಅಲುಗುವ ಪತಾಕೆಯಿರಬಹುದೇ ಎಂಬ ವಿಚಾರ ಹುಟ್ಟುತ್ತದೆ. ಅದು ಮೇಲೇಳುವುದನ್ನು, ಕೆಳಗಿಳಿಯುವುದನ್ನು, ರೆಕ್ಕೆ ಬಡಿಯುವುದನ್ನು ಕಂಡಾಗ ಬಲಾಕವೇ ಎಂಬ ನಿಶ್ಚಯವಾಗುತ್ತದೆ. ಮುಂದೊಮ್ಮೆ ಅದೇ ಹಕ್ಕಿ ಕಂಡಾಗ, ಬೆಳಿಗ್ಗೆ ನೋಡಿದ್ದ ಬಲಾಕವೇ ಇದು ಎಂಬ ನೆನಪಾಗುತ್ತದೆ. ಐದು-ಆರನೆಯ ಶತಮಾನಗಳ ಕಾಲದ ಈ ಆಚಾರ್ಯರನ್ನು ಕನ್ನಡ ನಾಡಿನ ಪರಂಪರೆಯು ತನ್ನವರೆಂದೇ ನೆನೆಯುತ್ತದೆ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿ ಕ್ಷೇತ್ರವು ಇಂದಿಗೂ ಅವರ ಹೆಸರಿನೊಡನೆ ಸೇರಿಕೊಂಡಿದೆ.

ಚೈತ್ರ ಶುದ್ಧ ತ್ರಯೋದಶಿ ಭಗವಾನ್ ಮಹಾವೀರರ ಜನ್ಮಕಲ್ಯಾಣಕದ ದಿನ. ಆ ದಿನದ ಆಸುಪಾಸಿನಲ್ಲಿ ಕನ್ನಡ ನಾಡಿನ ಕೆರೆಗಳ ದಂಡೆಯಲ್ಲಿ ಒಂದು ಸುತ್ತು ನಡೆದು ಬರುವ ಶ್ರಾವಕನಿಗೆ ಪೂಜ್ಯಪಾದರ ಉದಾಹರಣೆಯು ಗ್ರಂಥದ ಪುಟದಿಂದ ಇಳಿದು ಕಣ್ಣ ಮುಂದೆ ನಿಲ್ಲುತ್ತದೆ. ಹಕ್ಕಿಯನ್ನು ನೋಡುವುದು ಹೊತ್ತು ಕಳೆಯುವ ಹವ್ಯಾಸ ಮಾತ್ರವೇ ಆಗಬೇಕಿಲ್ಲ. ಸರಿಯಾದ ಕ್ರಮದಲ್ಲಿ ನಡೆದರೆ ಅದು ಅರಿವಿನ ಅಭ್ಯಾಸವೂ ಹೌದು, ಅಹಿಂಸೆಯ ಅಭ್ಯಾಸವೂ ಹೌದು. ಈ ಎರಡು ಅಭ್ಯಾಸಗಳು ಬೇರೆ ಬೇರೆಯಲ್ಲ ಎಂಬುದನ್ನು ಕೆರೆಯ ದಂಡೆಯು ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಕುಕ್ಕರಹಳ್ಳಿಯ ದಂಡೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಇದಕ್ಕೆ ಒಳ್ಳೆಯ ನಿದರ್ಶನ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಿನ ಅಗತ್ಯಕ್ಕಾಗಿ ಕಟ್ಟಿಸಿದ ಈ ಕೆರೆಯ ಮಗ್ಗುಲಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಿದೆ. ಕುವೆಂಪು ಅವರ ವಾಯುವಿಹಾರದ ನೆನಪು ಈ ದಂಡೆಯೊಡನೆ ಬೆಸೆದುಕೊಂಡಿದೆ. ಇಂದು ಕೆರೆಯ ಸುತ್ತ ಮರಗಳ ನೆರಳಿನ ಕಾಲುದಾರಿಯಿದೆ. ಮುಂಜಾನೆ ನೂರಾರು ಜನ ಇಲ್ಲಿ ನಡೆಯುತ್ತಾರೆ.

ಚೈತ್ರದಲ್ಲಿ ಹೊಂಗೆಯ ಮರಗಳು ತಿಳಿಹಸಿರು ಚಿಗುರನ್ನು ಹೊದ್ದು ನಿಲ್ಲುತ್ತವೆ. ಕೋಗಿಲೆಯ ಕೂಗು ಸೂರ್ಯೋದಯಕ್ಕೂ ಮುನ್ನವೇ ಮೊದಲಾಗುತ್ತದೆ. ಕಂಚುಗಾರ ಹಕ್ಕಿಯು ಎಲ್ಲಿಯೋ ಎಲೆಗಳ ನಡುವೆ ಕುಳಿತು ಲೋಹವನ್ನು ಬಡಿದಂತೆ ಒಂದೇ ಲಯದಲ್ಲಿ ದನಿಗೈಯುತ್ತಿರುತ್ತದೆ. ನೀರಿನ ನಡುವಣ ಮರಗಳಲ್ಲಿ ಹೆಜ್ಜಾರ್ಲೆಗಳು ತಮ್ಮ ಭಾರವಾದ ಕೊಕ್ಕನ್ನು ಎದೆಗೆ ಒತ್ತಿಕೊಂಡು ಗೂಡುಗಳ ಮೇಲೆ ಕುಳಿತಿರುತ್ತವೆ. ನೀರುಕಾಗೆಗಳು ರೆಕ್ಕೆಗಳನ್ನು ಹರಡಿ ಬಿಸಿಲಿಗೆ ಒಣಗಿಸುತ್ತವೆ. ಚಳಿಗಾಲಕ್ಕೆಂದು ಉತ್ತರದಿಂದ ಬಂದಿದ್ದ ಸಿಪಿಲೆಯಂತಹ ವಲಸೆಗಾರರು ಮರಳುವ ಹೊತ್ತು ಇದು. ಒಂದೆಡೆ ವಿದಾಯ, ಇನ್ನೊಂದೆಡೆ ಸಂಸಾರಾರಂಭ. ಎರಡೂ ಒಂದೇ ಕೆರೆಯಲ್ಲಿ ನಡೆಯುತ್ತಿರುತ್ತವೆ.

ಜೈನಾಗಮದ ವಿಂಗಡಣೆಯಲ್ಲಿ ಹಕ್ಕಿಯು ಪಂಚೇಂದ್ರಿಯ ತಿರ್ಯಂಚ ಜೀವ. ಜಲಚರ, ಸ್ಥಲಚರ, ನಭಚರಗಳೆಂಬ ಮೂರು ಬಗೆಗಳಲ್ಲಿ ನಭಚರ. ಹುಟ್ಟಿನ ಬಗೆಯನ್ನು ಹೇಳುವಾಗ ಶಾಸ್ತ್ರವು ಅಂಡಜವನ್ನು ಗರ್ಭಜನ್ಮದಲ್ಲಿಯೇ ಸೇರಿಸುತ್ತದೆ. ಮೊಟ್ಟೆಯೊಳಗಿನದು ಮುಂದೆ ಎಂದೋ ಜೀವವಾಗಲಿರುವ ವಸ್ತುವಲ್ಲ, ಈಗಾಗಲೇ ಗರ್ಭದಲ್ಲಿರುವ ಜೀವ. ಇದಕ್ಕೂ ಮಿಗಿಲಾದ ಮಾತೊಂದಿದೆ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಕ್ಕೆ ಸಮ್ಯಗ್ದರ್ಶನವನ್ನು ಪಡೆಯುವ, ಶ್ರಾವಕನಂತೆ ದೇಶವ್ರತವನ್ನು ಕೈಗೊಳ್ಳುವ, ಐದನೆಯ ಗುಣಸ್ಥಾನದವರೆಗೆ ಏರುವ ಅರ್ಹತೆಯಿದೆ. ದಂಡೆಯ ಮೇಲೆ ದುರ್ಬೀನು ಹಿಡಿದು ನಿಂತವನೂ ಕೊಂಬೆಯ ಮೇಲೆ ಕುಳಿತ ಹಕ್ಕಿಯೂ ಆ ಮಟ್ಟಿಗೆ ಸಹಯಾತ್ರಿಗಳು.

ನಾಲ್ಕು ಮೆಟ್ಟಿಲುಗಳ ದಾರಿ

ಇಂತಹ ದಂಡೆಯಲ್ಲಿ ನಿಂತವನಿಗೆ ದೂರದ ಜೊಂಡಿನ ಅಂಚಿನಲ್ಲಿ ಬಿಳಿಯದೇನೋ ಕಾಣುತ್ತದೆ. ಇಷ್ಟೇ ಅವಗ್ರಹ. ಅದಕ್ಕೆ ಇನ್ನೂ ಹೆಸರಿಲ್ಲ. ಹೊಸಬನಾದ ನೋಡುಗನು ಇಲ್ಲಿಯೇ ಆತುರಪಡುತ್ತಾನೆ. ಕಂಡ ಕ್ಷಣದಲ್ಲಿಯೇ ‘ಕೊಕ್ಕರೆ’ ಎಂದು ಹೆಸರಿಟ್ಟು ಮುಂದಕ್ಕೆ ಹೋಗುತ್ತಾನೆ. ಹೆಸರು ಬಂದೊಡನೆ ನೋಟ ನಿಂತುಹೋಗುತ್ತದೆ.

ಪಳಗಿದ ನೋಡುಗನು ನಿಲ್ಲುತ್ತಾನೆ. ಅವನ ಮನಸ್ಸಿನಲ್ಲಿ ಈಹೆ ಹುಟ್ಟುತ್ತದೆ. ಈಹೆಯೆಂದರೆ ಸಂಶಯವಲ್ಲ ಎಂಬುದನ್ನು ಟೀಕಾಕಾರರು ಎಚ್ಚರದಿಂದ ಬೇರ್ಪಡಿಸಿದ್ದಾರೆ. ಸಂಶಯವು ಎರಡು ತುದಿಗಳ ನಡುವೆ ತೂಗಾಡುತ್ತದೆ. ಈಹೆಯು ನಿಶ್ಚಯದ ಕಡೆಗೆ ಮುಖಮಾಡಿ ವಿಚಾರಿಸುತ್ತದೆ. ಕೊಕ್ಕು ಕಪ್ಪೋ, ಹಳದಿಯೋ? ಕಾಲಿನ ಬೆರಳುಗಳ ಬಣ್ಣವೇನು? ಕತ್ತು ನೀಳವೋ, ಗಿಡ್ಡವೋ? ನೀರಿನಲ್ಲಿ ನಿಂತಿದೆಯೋ, ಮೇಯುವ ದನದ ಬೆನ್ನ ಹಿಂದೆ ನಡೆಯುತ್ತಿದೆಯೋ? ಹಕ್ಕಿಯು ನೀರಿನಿಂದ ಕಾಲೆತ್ತಿದಾಗ ಕಪ್ಪು ಕಾಲಿನ ತುದಿಯಲ್ಲಿ ಹಳದಿ ಬೆರಳುಗಳು ಕಾಣುತ್ತವೆ, ಕೊಕ್ಕು ಕಪ್ಪಾಗಿದೆ. ಆಗ ಅದು ಚಿಕ್ಕ ಬೆಳ್ಳಕ್ಕಿ ಎಂದು ನಿಶ್ಚಯವಾಗುತ್ತದೆ. ಇದು ಅವಾಯ. ಮರುದಿನ ಇನ್ನೊಂದು ಕೆರೆಯಲ್ಲಿ ಆ ಹಳದಿ ಬೆರಳುಗಳು ಕಂಡೊಡನೆ ಹೆಸರು ತಾನಾಗಿ ನೆನಪಿಗೆ ಬಂದರೆ ಅದು ಧಾರಣೆ.

ಐದು ಇಂದ್ರಿಯ ಮತ್ತು ಮನಸ್ಸು, ಈ ನಾಲ್ಕು ಹಂತಗಳು, ವಿಷಯದ ಹನ್ನೆರಡು ಭೇದಗಳು ಇವೆಲ್ಲವನ್ನೂ ಗುಣಿಸಿ ಕೂಡಿಸಿ ಶಾಸ್ತ್ರಕಾರರು ಮತಿಜ್ಞಾನದ 336 ಭೇದಗಳನ್ನು ಎಣಿಸಿದ್ದಾರೆ. ಆ ಹನ್ನೆರಡರಲ್ಲಿ ‘ಅನಿಃಸೃತ’ ಎಂಬುದೊಂದು. ಪೂರ್ತಿಯಾಗಿ ಹೊರಬಾರದ ವಸ್ತುವನ್ನು ಅದರ ಒಂದು ಭಾಗದಿಂದ ತಿಳಿಯುವುದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಇದಕ್ಕೆ ನೀರಿನಲ್ಲಿ ಮುಳುಗಿರುವ ಆನೆಯ ಸೊಂಡಿಲಿನ ನಿದರ್ಶನವನ್ನು ಕೊಡುತ್ತಾರೆ. ಕುಕ್ಕರಹಳ್ಳಿಯ ನೀರಿನಲ್ಲಿ ಆನೆಯಿಲ್ಲ, ಹಾವಕ್ಕಿಯಿದೆ. ಒಡಲನ್ನೆಲ್ಲ ನೀರೊಳಗಿಟ್ಟು ಕತ್ತನ್ನಷ್ಟೇ ಮೇಲೆತ್ತಿ ಅದು ಈಜುವಾಗ ಹೊಸಬರು ಹಾವೆಂದೇ ಬೆದರುತ್ತಾರೆ. ಬಲ್ಲವರು ಆ ಕತ್ತಿನಿಂದಲೇ ನೀರಿನೊಳಗಿನ ಹಕ್ಕಿಯನ್ನು ಅರಿಯುತ್ತಾರೆ.

ಜೈನ ಜ್ಞಾನಮೀಮಾಂಸೆಯ ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಸ್ಪರ್ಶನ, ರಸನ, ಘ್ರಾಣ, ಶ್ರೋತ್ರ ಈ ನಾಲ್ಕು ಇಂದ್ರಿಯಗಳು ವಿಷಯದ ಸಂಪರ್ಕಕ್ಕೆ ಬಂದು ಅರಿಯುತ್ತವೆ. ಕಣ್ಣು ಮಾತ್ರ ಹಾಗಲ್ಲ. ಅದು ಅಪ್ರಾಪ್ಯಕಾರಿ, ವಿಷಯವನ್ನು ಮುಟ್ಟದೆಯೇ ಅರಿಯುತ್ತದೆ. ಹಿಡಿಯದೆ, ಬಂಧಿಸದೆ, ಸಮೀಪಕ್ಕೆಳೆಯದೆ ಅರಿಯುವ ಸಾಮರ್ಥ್ಯವನ್ನು ಜೀವವು ಆಗಲೇ ಪಡೆದಿದೆ. ಮುಟ್ಟದೆ ಅರಿಯಬಲ್ಲ ಇಂದ್ರಿಯವೊಂದು ಇರುವಾಗ ಹಕ್ಕಿಯ ಗುರುತಿಗಾಗಿ ಅದನ್ನು ಹೊಡೆದು ಬೀಳಿಸಬೇಕಿಲ್ಲ. ಅದರ ಚೆಲುವಿಗಾಗಿ ಪಂಜರವನ್ನು ಕಟ್ಟಬೇಕಿಲ್ಲ.

ನಡೆಯುವಾಗ ನೆಲ, ನೋಡುವಾಗ ನಿಲುವು

ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುವುದು ಅದರ ಕ್ರಮ. ಮಾರ್ಗ, ಉದ್ಯೋತ, ಉಪಯೋಗ, ಆಲಂಬನ ಎಂಬ ನಾಲ್ಕು ಶುದ್ಧಿಗಳನ್ನು ಆಚಾರಗ್ರಂಥಗಳು ಹೇಳುತ್ತವೆ. ನಡೆದಾಡಿದ ದಾರಿಯಾಗಿರಬೇಕು, ಹಗಲಿನ ಬೆಳಕಿರಬೇಕು, ಚಿತ್ತವು ನಡಿಗೆಯಲ್ಲಿರಬೇಕು, ನಡೆಯುವುದಕ್ಕೆ ಯೋಗ್ಯವಾದ ಉದ್ದೇಶವಿರಬೇಕು.

ಮೇಲ್ನೋಟಕ್ಕೆ ಇದು ಪಕ್ಷಿವೀಕ್ಷಣೆಗೆ ವಿರೋಧವೆನಿಸುತ್ತದೆ. ಹಕ್ಕಿಯನ್ನು ನೋಡುವವನ ಕಣ್ಣು ಮೇಲಿರುತ್ತದೆ; ಈರ್ಯಾಸಮಿತಿಯು ಕಣ್ಣನ್ನು ನೆಲದ ಮೇಲಿಡು ಎನ್ನುತ್ತದೆ. ಆದರೆ ಅನುಭವಿಗಳಾದ ಪಕ್ಷಿವೀಕ್ಷಕರು ಅನುಸರಿಸುವ ನಿಯಮವು ಆಗಮದ ನಿಯಮಕ್ಕೆ ಬಹಳ ಹತ್ತಿರದ್ದು: ನಡೆಯುವಾಗ ನೆಲವನ್ನು ನೋಡು, ಹಕ್ಕಿಯನ್ನು ನೋಡಬೇಕಾದರೆ ನಿಂತು ನೋಡು. ಎರಡನ್ನೂ ಒಟ್ಟಿಗೆ ಮಾಡಹೊರಟವನು ಎರಡರಲ್ಲಿಯೂ ತಪ್ಪುತ್ತಾನೆ.

ವಸಂತದಲ್ಲಿ ಈ ನಿಯಮವನ್ನು ಮೀರಿದರೆ ಜೀವಹಾನಿಯೇ ಆದೀತು. ಕೆರೆಯಂಚಿನ ಬಯಲಿನಲ್ಲಿ ಟಿಟ್ಟಿಭವು ಗೂಡು ಕಟ್ಟುವುದಿಲ್ಲ. ನೆಲದಲ್ಲಿಯೇ ಸ್ವಲ್ಪ ತಗ್ಗು ಮಾಡಿ, ಸುತ್ತ ಕೆಲವು ಹರಳುಗಳನ್ನಿಟ್ಟು, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಮೊಟ್ಟೆಗಳನ್ನಿಡುತ್ತದೆ. ಮಾರ್ಚ್ ತಿಂಗಳಿನಿಂದಲೇ ಅದರ ಸಂತಾನಕಾಲ ಮೊದಲಾಗುತ್ತದೆ. ಒಂದು ಮಾರು ದೂರದಿಂದ ನೋಡಿದರೂ ಅವು ಬೆಣಚುಕಲ್ಲುಗಳೇ. ತಾಯಿ-ತಂದೆ ಹಕ್ಕಿಗಳೆರಡೂ ತಲೆಯ ಮೇಲೆ ಸುತ್ತುತ್ತ ಚೀರುತ್ತವೆ. ಆ ಚೀರಾಟವನ್ನು ಕೇಳಿದ ಕೆಲವರು ಹಕ್ಕಿಯ ಚಿತ್ರ ತೆಗೆಯಲೆಂದು ಇನ್ನಷ್ಟು ಮುಂದಕ್ಕೆ ಹೋಗುತ್ತಾರೆ. ಕಣ್ಣು ಮೇಲೆ, ಕಾಲು ಕೆಳಗೆ. ಮೊಟ್ಟೆಗಳಿರುವುದು ಕಾಲಿನ ಬಳಿಯಲ್ಲಿ.

ಪ್ರಮಾದದಿಂದ ಪ್ರಾಣಹಾನಿಯಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಎಚ್ಚರದಿಂದ ಹೆಜ್ಜೆಯಿಡುವವನ ಕಾಲಡಿಯಲ್ಲಿ ಅವನಿಗೆ ತಿಳಿಯದೆ ಕಿರುಜೀವಿಯೊಂದು ಸಿಲುಕಿದರೆ ಅವನಿಗೆ ಹಿಂಸೆಯ ಬಂಧವಿಲ್ಲವೆಂದೂ, ಎಚ್ಚರವಿಲ್ಲದವನು ಯಾವ ಜೀವವನ್ನೂ ತುಳಿಯದೆ ದಾಟಿದರೂ ಬಂಧಕ್ಕೆ ಹೊರತಲ್ಲವೆಂದೂ ಆಚಾರ್ಯರು ವಿವರಿಸುತ್ತಾರೆ. ಟಿಟ್ಟಿಭದ ಮೊಟ್ಟೆ ಒಡೆಯದೆ ಉಳಿದದ್ದು ಅದೃಷ್ಟದಿಂದಲೋ ಎಚ್ಚರದಿಂದಲೋ ಎಂಬ ಪ್ರಶ್ನೆಗೆ ಉತ್ತರವಿರುವುದು ನಡೆಯುವವನ ಚಿತ್ತದಲ್ಲಿ.

ಒಂದೇ ಹಕ್ಕಿ, ಎರಡು ಬಣ್ಣ

ಕೆರೆಯ ಕೆಸರಂಚಿನಲ್ಲಿ ಕುತ್ತಿಗೆ ಕುಗ್ಗಿಸಿ ಕುಳಿತ ಕೊಳದ ಬಕವು ಮಣ್ಣಿನ ಬಣ್ಣದ್ದು. ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದು ಹಾರಿದೊಡನೆ ಅಚ್ಚಬಿಳಿಯ ರೆಕ್ಕೆಗಳು ಫಕ್ಕನೆ ತೆರೆದುಕೊಳ್ಳುತ್ತವೆ. ಕುಳಿತದ್ದನ್ನು ಮಾತ್ರ ಕಂಡವನು ಕಂದು ಹಕ್ಕಿ ಎಂದರೆ, ಹಾರಿದ್ದನ್ನು ಮಾತ್ರ ಕಂಡವನು ಬಿಳಿ ಹಕ್ಕಿ ಎನ್ನುತ್ತಾನೆ. ಇಬ್ಬರಲ್ಲಿ ಯಾರೂ ಸುಳ್ಳಾಡಲಿಲ್ಲ. ತನ್ನ ನೋಟವೇ ಪೂರ್ಣವೆಂದು ಹಟ ಹಿಡಿದಾಗ ಮಾತ್ರ ಇಬ್ಬರೂ ತಪ್ಪುತ್ತಾರೆ. ಒಂದು ದೃಷ್ಟಿಯಿಂದ ಹೀಗೆ, ಇನ್ನೊಂದು ದೃಷ್ಟಿಯಿಂದ ಹಾಗೆ ಎಂಬ ಸ್ಯಾದ್ವಾದದ ಮಾತನ್ನು ಕೆಲವರು ನುಣುಚಿಕೊಳ್ಳುವ ಮಾತೆಂದು ಭಾವಿಸುವುದುಂಟು. ಕೊಳದ ಬಕವನ್ನು ಕುಳಿತಾಗಲೂ ಹಾರುವಾಗಲೂ ನೋಡಿದವನಿಗೆ ಅದು ಹೆಚ್ಚು ಖಚಿತವಾದ ಮಾತೆಂದು ತಿಳಿಯುತ್ತದೆ.

ದನಗಳ ಜೊತೆ ನಡೆಯುವ ಗೋವಕ್ಕಿ ಇನ್ನೊಂದು ಪಾಠವನ್ನು ಹೇಳುತ್ತದೆ. ವರ್ಷದ ಬಹುಭಾಗ ಅದು ಪೂರ್ತಿ ಬಿಳಿ. ಸಂತಾನಕಾಲ ಸಮೀಪಿಸಿದಾಗ ತಲೆ, ಕತ್ತು, ಬೆನ್ನುಗಳ ಮೇಲೆ ಹೊಂಬಣ್ಣದ ಗರಿಗಳು ಮೂಡುತ್ತವೆ. ಕಾಲ ಮುಗಿದಾಗ ಉದುರುತ್ತವೆ. ಹೊಸ ಪರ್ಯಾಯದ ಉತ್ಪಾದ, ಹಳೆಯದರ ವ್ಯಯ, ಎರಡರ ನಡುವೆಯೂ ಉಳಿದುಬರುವ ಧ್ರೌವ್ಯ. ದ್ರವ್ಯಲಕ್ಷಣದ ಈ ಮೂರೂ ಒಂದೇ ಹಕ್ಕಿಯ ಮೈಮೇಲೆ ಋತುವಿನಿಂದ ಋತುವಿಗೆ ನಡೆಯುತ್ತವೆ.

ಬಕಧ್ಯಾನ ಯಾರದು?

ಕನ್ನಡದಲ್ಲಿ ‘ಬಕಧ್ಯಾನ’ ಎಂಬ ಮಾತಿದೆ. ಹೊರಗೆ ನಿಶ್ಚಲತೆ, ಒಳಗೆ ಮೀನಿನ ಮೇಲಿನ ಆಸೆ. ಕಪಟಿಯನ್ನು ಕುರಿತು ಆಡುವ ಮಾತು. ಬಕದ ಪಾಲಿಗೆ ಇದು ಅನ್ಯಾಯವೇ ಸರಿ. ಬಕವು ಧ್ಯಾನಿಯೆಂದು ಯಾರನ್ನೂ ನಂಬಿಸಹೊರಟಿಲ್ಲ. ತನ್ನ ಕರ್ಮೋದಯಕ್ಕೆ ತಕ್ಕ ದೇಹ, ಆ ದೇಹಕ್ಕೆ ತಕ್ಕ ಆಹಾರ, ಆ ಆಹಾರಕ್ಕೆ ತಕ್ಕ ನಿಲುವು ಅದರದು. ಇರುಳು ಬಕವು ಸಂಜೆಯಾದ ಮೇಲೆ ಆಹಾರಕ್ಕೆ ಹೊರಡುತ್ತದೆ. ಅದಕ್ಕೆ ರಾತ್ರಿಭೋಜನತ್ಯಾಗವನ್ನು ಉಪದೇಶಿಸುವವರಿಲ್ಲ. ಆಯ್ಕೆಯ ಹೊಣೆಯು ವಿವೇಕವುಳ್ಳ ಮನುಷ್ಯನ ಮೇಲೆ ಹೆಚ್ಚು.

ಶಾಸ್ತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೊದಲಿನ ಎರಡೂ ಧ್ಯಾನಗಳೇ, ಅವುಗಳಲ್ಲಿಯೂ ಏಕಾಗ್ರತೆಯುಂಟು. ಆದುದರಿಂದ ಏಕಾಗ್ರತೆಯೊಂದೇ ಪವಿತ್ರವಲ್ಲ. ದಂಡೆಯ ಮೇಲೆ ಎರಡು ಗಂಟೆ ಕದಲದೆ ಕುಳಿತ ಛಾಯಾಗ್ರಾಹಕನ ಮನಸ್ಸು ಹಕ್ಕಿಯ ಬಾಳಿನ ಮೇಲಿದೆಯೋ, ಇನ್ನೊಬ್ಬರಿಗೆ ಸಿಗದ ಚಿತ್ರವು ತನಗೆ ಸಿಗಬೇಕೆಂಬ ಆಸೆಯ ಮೇಲಿದೆಯೋ? ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗಲಿಲ್ಲವೆಂಬ ಕೊರಗು ಇಷ್ಟವಿಯೋಗದ ಆರ್ತಧ್ಯಾನವೇ. ಹೊರಗಿನ ನಿಶ್ಚಲತೆ ಎರಡು ಕಡೆಯಲ್ಲಿಯೂ ಒಂದೇ. ಒಳಗೆ ಏನಿದೆ ಎಂಬುದನ್ನು ನೋಡಿಕೊಳ್ಳಬೇಕಾದವನು ಕುಳಿತವನೇ.

ಗೂಡಿನ ಬಳಿಯ ಅತಿಚಾರಗಳು

ಅಹಿಂಸಾಣುವ್ರತಕ್ಕೆ ಶಾಸ್ತ್ರವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೆಚ್ಚು ಭಾರ ಹೇರುವುದು, ಆಹಾರ ನೀರುಗಳನ್ನು ತಡೆಯುವುದು. ಇವನ್ನು ಸಾಮಾನ್ಯವಾಗಿ ಎತ್ತು, ಕುದುರೆ, ಆಳುಕಾಳುಗಳ ವಿಷಯದಲ್ಲಿ ವಿವರಿಸುವ ವಾಡಿಕೆ. ವಸಂತದ ಕೆರೆಯಲ್ಲಿ ಅವುಗಳ ವ್ಯಾಪ್ತಿ ಇನ್ನೂ ದೊಡ್ಡದೆಂದು ತಿಳಿಯುತ್ತದೆ.

ಹೆಜ್ಜಾರ್ಲೆಯ ಮರಿ ಮೊಟ್ಟೆಯಿಂದ ಬರುವಾಗ ಅದರ ಮೈಮೇಲೆ ಗರಿಯಿರುವುದಿಲ್ಲ. ಬೇಸಗೆಯ ಬಿಸಿಲಿಗೆ ತಾಯಿ-ತಂದೆಗಳ ಒಡಲೇ ಅದಕ್ಕೆ ನೆರಳು. ಗೂಡಿನ ಮರದ ಸಮೀಪಕ್ಕೆ ಮನುಷ್ಯರು ಗದ್ದಲದಿಂದ ಹೋದರೆ ದೊಡ್ಡ ಹಕ್ಕಿ ಹಾರಿಹೋಗುತ್ತದೆ. ಅದು ಮರಳುವವರೆಗೆ ಮರಿಗೆ ನೆರಳಿಲ್ಲ, ಆಹಾರವಿಲ್ಲ. ಕಾಗೆಗೂ ಹದ್ದಿಗೂ ಅದು ತೆರೆದಿಟ್ಟ ತುತ್ತು. ಹೋದವನು ಕಲ್ಲೆಸೆಯಲಿಲ್ಲ, ಗೂಡನ್ನು ಮುಟ್ಟಲಿಲ್ಲ. ಆದರೂ ಅನ್ನಪಾನನಿರೋಧವು ನಡೆದುಹೋಯಿತು. ಗಾಳಿಪಟದ ಹುರಿಮಾಡಿದ ದಾರವನ್ನೋ ಗಾಳದ ನೂಲನ್ನೋ ದಂಡೆಯಲ್ಲಿ ಬಿಟ್ಟುಹೋದವನು ಮನೆಯಲ್ಲಿ ಮಲಗಿರುವಾಗ ಆ ನೂಲು ಹಕ್ಕಿಯ ಕಾಲಿಗೆ ಬಂಧವಾಗುತ್ತದೆ, ರೆಕ್ಕೆಗೆ ಛೇದವಾಗುತ್ತದೆ. ಬಿದ್ದ ಒಂದು ಮೊಳ ನೂಲನ್ನು ಹೆಕ್ಕಿ ಕಿಸೆಗೆ ಹಾಕಿಕೊಳ್ಳುವುದು ಸಣ್ಣ ಕೆಲಸ. ವ್ರತಶುದ್ಧಿಯ ಕೆಲಸವೂ ಹೌದು.

ಹಕ್ಕಿಯ ಗರಿಯ ಕಥೆಯೂ ಇದೇ ಬಗೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪು, ಅಮೆರಿಕಗಳ ಮಹಿಳೆಯರ ಟೋಪಿಗಳನ್ನು ಸಿಂಗರಿಸಲು ಬೆಳ್ಳಕ್ಕಿಯ ತೆಳುಗರಿಗಳಿಗೆ ಭಾರಿ ಬೇಡಿಕೆಯಿತ್ತು. ಆ ಗರಿಗಳು ಮೂಡುವುದು ಸಂತಾನಕಾಲದಲ್ಲಿ ಮಾತ್ರ. ಆದುದರಿಂದ ಗೂಡಿನಲ್ಲಿ ಮರಿಗಳಿರುವಾಗಲೇ ತಾಯಿ-ತಂದೆಗಳನ್ನು ಕೊಲ್ಲುತ್ತಿದ್ದರು. ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಕೊನೆಗೆ 1902ರಲ್ಲಿ ಭಾರತದಿಂದ ಹಕ್ಕಿಗಳ ಗರಿಗಳನ್ನು ರಫ್ತು ಮಾಡುವುದನ್ನು ನಿಷೇಧಿಸಲಾಯಿತು. ಇದರ ಪಕ್ಕದಲ್ಲಿ ದಿಗಂಬರ ಮುನಿಯ ಪಿಂಛಿಯನ್ನು ಇಟ್ಟು ನೋಡಬೇಕು. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಆರಿಸಿ ಕಟ್ಟಿದ ಆ ಪಿಂಛಿಯ ಉದ್ದೇಶವೇ ಜೀವರಕ್ಷೆ. ಕುಳಿತುಕೊಳ್ಳುವ ನೆಲದಿಂದ ಇರುವೆಯನ್ನು ನೋಯಿಸದೆ ಸರಿಸಲು ಅದು ಸಾಧನ. ಶ್ರವಣಬೆಳಗೊಳದ ಶಾಸನಗಳ ಗುರುಪರಂಪರೆಯಲ್ಲಿ ಗೃಧ್ರಪಿಂಛಾಚಾರ್ಯರ ಶಿಷ್ಯರಿಗೆ ಬಲಾಕಪಿಂಛರೆಂಬ ಹೆಸರಿದೆ. ಒಂದೇ ಬೆಳ್ಳಕ್ಕಿಯ ಗರಿಯು ಒಂದು ಕಡೆ ಸಾವಿನ ಸರಕಾಯಿತು. ಇನ್ನೊಂದು ಕಡೆ ಒಬ್ಬ ಮುನಿಯ ಹೆಸರಾಯಿತು.

ದನಿಯ ಗುರಿ

ಹಕ್ಕಿಯನ್ನು ಕಣ್ಣಿಗಿಂತ ಮೊದಲು ಕಿವಿ ಕಾಣುತ್ತದೆ ಎಂದು ಪಕ್ಷಿವೀಕ್ಷಕರು ಹೇಳುವುದುಂಟು. ದನಿಯನ್ನು ಹಿಡಿದು ಹಕ್ಕಿಯ ನೆಲೆಯನ್ನು ಹೇಳುವುದು ನಿಜಕ್ಕೂ ದೊಡ್ಡ ನೈಪುಣ್ಯ. ಆದರೆ ನೈಪುಣ್ಯಕ್ಕೂ ಸಮ್ಯಗ್ಜ್ಞಾನಕ್ಕೂ ನಡುವಣ ಅಂತರವನ್ನು ತೋರಿಸುವ ಪ್ರಸಂಗವೊಂದು ಕನ್ನಡ ಜೈನ ಕಾವ್ಯದಲ್ಲಿಯೇ ಇದೆ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಲವು ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಗೆ ಅವರು ಎರಡು ಕೋಳಿಗಳಾಗಿ ಹುಟ್ಟುತ್ತಾರೆ. ಉದ್ಯಾನದಲ್ಲಿ ಮುನಿಯೊಬ್ಬರು ಧರ್ಮವನ್ನು ಬೋಧಿಸುತ್ತಿರುವುದನ್ನು ಕೇಳಿ ಆ ಕೋಳಿಗಳಿಗೆ ಹಿಂದಿನ ಭವಗಳ ಸ್ಮರಣೆಯಾಗುತ್ತದೆ. ಅವು ವ್ರತವನ್ನು ಸ್ವೀಕರಿಸಿ, ಉಕ್ಕಿದ ಹರ್ಷದಿಂದ ಕೂಗುತ್ತವೆ. ಅದೇ ಉದ್ಯಾನದಲ್ಲಿ ರಾಣಿಯೊಡನಿದ್ದ ರಾಜ ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು ಆ ಕೂಗಿನ ಕಡೆಗೆ ಬಾಣ ಬಿಡುತ್ತಾನೆ. ಗುರಿ ತಪ್ಪುವುದಿಲ್ಲ. ಕೋಳಿಗಳೆರಡೂ ಸಾಯುತ್ತವೆ. ಅವು ಅವನ ಮಕ್ಕಳಾಗಿಯೇ ಮರಳಿ ಹುಟ್ಟುತ್ತವೆ. ಸತ್ತವುಗಳಲ್ಲಿ ಒಂದು ಅವನ ತಂದೆಯ ಜೀವ, ಇನ್ನೊಂದು ಅಜ್ಜಿಯ ಜೀವ.

ಹಕ್ಕಿ ಎಲ್ಲಿದೆ ಎಂಬುದು ಯಶೋಮತಿಗೆ ಕರಾರುವಾಕ್ಕಾಗಿ ತಿಳಿದಿತ್ತು. ಅದು ಯಾರು ಎಂಬುದು ತಿಳಿದಿರಲಿಲ್ಲ. ಅವಗ್ರಹದಿಂದ ನೇರವಾಗಿ ಬಾಣಕ್ಕೆ ಜಿಗಿದವನು ಅವನು. ನಡುವೆ ಈಹೆಗೆ ಎಡೆಯೇ ಇರಲಿಲ್ಲ. ಆ ಕೂಗು ಏನೆಂದು ಒಂದು ಗಳಿಗೆ ವಿಚಾರಿಸಿದ್ದರೆ ಬಿಲ್ಲು ಕೆಳಗಿಳಿಯುತ್ತಿತ್ತು. ವಿಚಾರಕ್ಕಾಗಿ ತಡೆದು ನಿಲ್ಲುವ ಆ ಗಳಿಗೆಯಲ್ಲಿಯೇ ಜ್ಞಾನವೂ ಹುಟ್ಟುತ್ತದೆ, ಅಹಿಂಸೆಯೂ ಹುಟ್ಟುತ್ತದೆ.

ಇಂದು ದನಿಯನ್ನು ಬಾಣದಂತೆ ಬಳಸುವ ಬೇರೊಂದು ಬಗೆಯೂ ಬಂದಿದೆ. ಮೊಬೈಲಿನಲ್ಲಿ ಮುದ್ರಿಸಿಟ್ಟ ಹಕ್ಕಿಯ ಹಾಡನ್ನು ನುಡಿಸಿ, ಮರೆಯಲ್ಲಿರುವ ಹಕ್ಕಿಯನ್ನು ಹೊರಗೆಳೆಯುವುದು. ಸಂತಾನಕಾಲದಲ್ಲಿ ಗಂಡುಹಕ್ಕಿಯು ತನ್ನ ಎಲ್ಲೆಯೊಳಗೆ ಪ್ರತಿಸ್ಪರ್ಧಿ ಬಂದಿದ್ದಾನೆಂದು ನಂಬಿ, ತನ್ನ ಕೆಲಸವನ್ನು ತೊರೆದು, ಇಲ್ಲದ ವೈರಿಯನ್ನು ಹುಡುಕುತ್ತ ಅಲೆಯುತ್ತದೆ. ಸುಳ್ಳು ಹೇಳಿದ್ದು ಮನುಷ್ಯನ ನಾಲಗೆಯಲ್ಲದಿದ್ದರೂ ವಂಚನೆ ಮನುಷ್ಯನದೇ. ಸತ್ಯಾಣುವ್ರತಿಯು ಹಕ್ಕಿಯೊಡನೆಯೂ ಸತ್ಯದಿಂದ ನಡೆದುಕೊಳ್ಳಬೇಕು. ಹಾಡು ಕೇಳಿದರೆ ಕೇಳಲಿ. ಹಕ್ಕಿ ಕಾಣದಿದ್ದರೆ ಕಾಣದಿರಲಿ.

ಬೆಳಗಾದೊಡನೆ

ಸಂಜೆಯ ಹೊತ್ತಿಗೆ ಕುಕ್ಕರಹಳ್ಳಿಯ ಮರಗಳಿಗೆ ದಿಕ್ಕುದಿಕ್ಕುಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಬೆಳ್ಳಕ್ಕಿಗಳ ಸಾಲು ಒಂದು ಕಡೆಯಿಂದ, ನೀರುಕಾಗೆಗಳ ಸಾಲು ಇನ್ನೊಂದು ಕಡೆಯಿಂದ. ಕೊಂಬೆಗಾಗಿ ಸ್ವಲ್ಪ ಹೊತ್ತು ಜಗಳ, ಗದ್ದಲ; ಬಳಿಕ ಮೌನ. ಬೆಳಗಾದೊಡನೆ ಒಂದೊಂದೂ ತನ್ನ ತನ್ನ ದಿಕ್ಕಿಗೆ ಹಾರಿಹೋಗುತ್ತದೆ.

ಬಲಾಕದ ಉದಾಹರಣೆಯನ್ನು ಕೊಟ್ಟ ಪೂಜ್ಯಪಾದರೇ ತಮ್ಮ ‘ಇಷ್ಟೋಪದೇಶ’ದಲ್ಲಿ ಈ ದೃಶ್ಯವನ್ನೂ ಬಳಸಿದ್ದಾರೆ. ದೇಹ, ಮನೆ, ಬಂಧು, ಮಿತ್ರ ಎಂದು ಜೀವವು ತನ್ನದೆಂದುಕೊಂಡ ಕೂಟವೆಲ್ಲ ಒಂದು ರಾತ್ರಿ ಒಂದೇ ಮರದಲ್ಲಿ ತಂಗಿದ ಹಕ್ಕಿಗಳ ಕೂಟದಂತೆ ಎಂಬುದು ಅವರ ಇಂಗಿತ. ತಂತಮ್ಮ ಕರ್ಮಕ್ಕೆ ತಕ್ಕಂತೆ ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಇದನ್ನು ನಿಷ್ಠುರವಾದ ಮಾತೆಂದು ತಿಳಿಯಬೇಕಿಲ್ಲ. ಒಂದು ರಾತ್ರಿಯ ಜೊತೆಯೆಂದು ಅರಿತವರು ಕೊಂಬೆಗಾಗಿ ಹೆಚ್ಚು ಕಾದಾಡುವುದಿಲ್ಲ. ಪಕ್ಕದವರ ಗೂಡನ್ನು ಕೆಡಿಸುವುದೂ ಇಲ್ಲ. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂಬ ಆಚಾರ್ಯವಚನವು ಈ ಅಲ್ಪಕಾಲದ ನೆರೆಹೊರೆಗೆ ಕೊಟ್ಟ ನಡವಳಿಕೆಯ ಸೂತ್ರ.

ಮಹಾವೀರ ಜಯಂತಿಯ ದಿನ ಬಸದಿಯಲ್ಲಿ ಅಭಿಷೇಕ, ಪೂಜೆ, ಮೆರವಣಿಗೆಗಳು ನಡೆಯುತ್ತವೆ, ನಡೆಯಬೇಕು. ಅದರೊಡನೆ ಆ ವಾರದಲ್ಲಿ ಒಂದು ಮುಂಜಾನೆಯನ್ನು ಊರಿನ ಕೆರೆಗಾಗಿ ತೆಗೆದಿಡಬಹುದು. ಬೆಳಕು ಹರಿದ ಮೇಲೆ ಹೊರಟು, ತುಳಿದ ದಾರಿಯಲ್ಲಿಯೇ ನಡೆದು, ಮಾತನ್ನು ಕಡಿಮೆ ಮಾಡಿ, ಗೂಡಿನಿಂದ ದೂರ ನಿಂತು, ಬಿದ್ದ ನೂಲನ್ನು ಹೆಕ್ಕಿ, ಮಕ್ಕಳಿಗೆ ಒಂದೇ ಒಂದು ಹಕ್ಕಿಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ತೋರಿಸಿದರೆ ಸಾಕು. ಬಿಳಿಯದೊಂದು ಕಂಡಿತು, ಏನಿರಬಹುದೆಂದು ನಿಂತು ನೋಡಿದರು, ಬೆಳ್ಳಕ್ಕಿಯೆಂದು ತಿಳಿಯಿತು. ಸಂಜೆ ಮನೆಯ ಮೇಲೆ ಹಾದುಹೋದ ಹಕ್ಕಿಯನ್ನು ಕಂಡು ಮಗುವು ಬೆಳಿಗ್ಗೆಯ ಹಕ್ಕಿಯೇ ಎಂದು ಗುರುತಿಸಿದರೆ ಧಾರಣೆಯೂ ಆಯಿತು. ಹೀಗೆ ಗುರುತಿಸಿದ ಜೀವದ ಮೇಲೆ ಕಲ್ಲೆತ್ತಲು ಆ ಮಗುವಿನ ಕೈ ಮುಂದೆ ಬರಲಾರದು.